ಮಗುವಿನ ಭೇದಿ: ಔಷಧಿ ಚೀಟಿಗೂ ಮೊದಲು ನಾನು ಕೇಳುವುದು

ಮಂಡ್ಯದಲ್ಲಿ ಮಕ್ಕಳ ವೈದ್ಯನಾಗಿ ಕೆಲಸ ಆರಂಭಿಸಿದ ಮೊದಲ ವರ್ಷಗಳಲ್ಲಿ, ಭೇದಿಯಾಗುತ್ತಿರುವ ಮಗುವನ್ನು ಕಂಡ ಕೂಡಲೇ ನಾನು ಆ್ಯಂಟಿಬಯಾಟಿಕ್ ಬರೆದುಬಿಡುತ್ತಿದ್ದೆ. ಔಷಧಿ ಬರೆಯದೆ ಕಳುಹಿಸಿದರೆ ತಾಯಿಗೆ ಸಮಾಧಾನವಾಗದೆಂಬ ಅಳುಕೂ ನನಗಿತ್ತು. ಆ ಅಭ್ಯಾಸ ಕ್ರಮೇಣ ಬಿಟ್ಟುಹೋದದ್ದು, ಮಲ ಹೇಗಿದೆ, ವಾಂತಿ ಮೊದಲೋ ಭೇದಿ ಮೊದಲೋ, ಮಗು ಕೊನೆಯ ಬಾರಿ ಮೂತ್ರ ಮಾಡಿದ್ದು ಯಾವಾಗ ಎಂದು ತಾಳ್ಮೆಯಿಂದ ಕೇಳಲು ಕಲಿತ ಮೇಲೆ.

ಒಂದು ಡಿಸೆಂಬರಿನ ಬೆಳಿಗ್ಗೆ, ವಿಶ್ವೇಶ್ವರಯ್ಯ ನಾಲೆಯ ಬಯಲಿನ ಹಳ್ಳಿಯೊಂದರಿಂದ ಹತ್ತು ತಿಂಗಳ ಗಂಡು ಮಗುವನ್ನು ಕರೆತಂದಿದ್ದರು. “ನೆತ್ತಿ ಬಿದ್ದೋಗದೆ ಸ್ವಾಮಿ, ಹಲ್ಲು ಬತ್ತಾವೆ, ಅದಕ್ಕೇ ಭೇದಿ” ಎಂದರು ಅಜ್ಜಿ. ನೆತ್ತಿಗೆ ಹರಳೆಣ್ಣೆಯನ್ನೂ ಹಚ್ಚಿದ್ದರು. ಅವರ ಕಣ್ಣು ತಪ್ಪಿರಲಿಲ್ಲ. ನೆತ್ತಿ ಕುಳಿಬಿದ್ದಿತ್ತು, ಏಕೆಂದರೆ ಮಗುವಿನ ಮೈಯ ನೀರು ಬರಿದಾಗುತ್ತಿತ್ತು. ಹಲ್ಲಿನಿಂದ ಭೇದಿಯಾಗುವುದಿಲ್ಲ. ಹಲ್ಲು ಮೂಡುವ ವಯಸ್ಸಿನಲ್ಲೇ ತಾಯಿಯಿಂದ ಬಂದ ರೋಗನಿರೋಧಕ ಶಕ್ತಿ ಕುಗ್ಗಿರುತ್ತದೆ, ಕೈಗೆ ಸಿಕ್ಕಿದ್ದೆಲ್ಲ ಬಾಯಿಗೆ ಹೋಗುತ್ತಿರುತ್ತದೆ.

ಹಿಂದಿನ ದಿನ ವಾಂತಿ, ಆಮೇಲೆ ನೀರಿನಂಥ ಭೇದಿ, ಸಣ್ಣ ಜ್ವರ, ರಕ್ತವಿಲ್ಲ. ಈ ವಯಸ್ಸಿಗೂ ಚಳಿಗಾಲಕ್ಕೂ ಹೊಂದುವ ಮೊದಲ ಅನುಮಾನ ರೋಟಾವೈರಸ್. ಅದು ಸಣ್ಣ ಕರುಳಿನ ಒಳಪದರದ ಕೋಶಗಳನ್ನು ಹಾಳುಗೆಡವುವುದರಿಂದ ನೀರು ಹೀರಿಕೊಳ್ಳುವ ಶಕ್ತಿ ಕುಂದುತ್ತದೆ. ಆದರೆ ಗ್ಲೂಕೋಸಿನೊಡನೆ ಉಪ್ಪನ್ನು, ಅದರ ಹಿಂದೆಯೇ ನೀರನ್ನು ಒಳಗೆಳೆಯುವ ದಾರಿ ಸಾಕಷ್ಟು ಉಳಿದಿರುತ್ತದೆ. ಉಪ್ಪು, ಗ್ಲೂಕೋಸುಗಳ ಪುಡಿಯನ್ನು ನೀರಿನಲ್ಲಿ ಕಲಸಿದ ಒಆರ್‌ಎಸ್ ಕೆಲಸ ಮಾಡುವುದು ಇದೇ ದಾರಿಯಲ್ಲಿ. ವೈರಸ್ಸಿನ ಮೇಲೆ ಆ್ಯಂಟಿಬಯಾಟಿಕ್‌ಗೆ ಯಾವ ಹಿಡಿತವೂ ಇಲ್ಲ. ಮಗುವಿನ ತೂಕ ಎಂಟು ಕಿಲೋ. ಕಿಲೋಗೆ 75 ಮಿಲಿಲೀಟರಿನಂತೆ ನಾಲ್ಕು ಗಂಟೆಗಳಲ್ಲಿ 600 ಮಿಲಿಲೀಟರ್ ಒಆರ್‌ಎಸ್ ಅನ್ನು ತಾಯಿ ಚಮಚದಲ್ಲಿ ಕುಡಿಸಿದರು. ವಾಂತಿಯಾದಾಗ ಹತ್ತು ನಿಮಿಷ ತಡೆದು, ಮತ್ತೆ ಇನ್ನಷ್ಟು ನಿಧಾನವಾಗಿ ಮುಂದುವರಿಸಿದೆವು. ನಡುವೆ ಎದೆಹಾಲನ್ನೂ ನಿಲ್ಲಿಸಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಮಗು ಮೂತ್ರ ಮಾಡಿತು.

ಮಲದಲ್ಲಿ ರಕ್ತ, ಲೋಳೆ ಕಂಡರೆ ನನ್ನ ಲೆಕ್ಕ ಬದಲಾಗುತ್ತದೆ. ಆಗ ಶಿಗೆಲ್ಲಾ ಮೊದಲು ನೆನಪಿಗೆ ಬರುತ್ತದೆ. ಬಹಳ ಕಡಿಮೆ ಸಂಖ್ಯೆಯ ಈ ಬ್ಯಾಕ್ಟೀರಿಯಾಗಳೇ ರೋಗ ತರಲು ಸಾಕು, ಇಲ್ಲಿ ಆ್ಯಂಟಿಬಯಾಟಿಕ್ ಬೇಕೇ ಬೇಕು. ಅಕ್ಕಿ ತೊಳೆದ ನೀರಿನಂತೆ ಧಾರಾಕಾರವಾಗಿ ಹೋಗುತ್ತಿದ್ದರೆ ಕಾಲರಾದ ಅನುಮಾನ. ವಾರಗಟ್ಟಲೆ ಎಳೆದು, ಹೊಟ್ಟೆ ಉಬ್ಬರಿಸಿದರೆ ಜಿಯಾರ್ಡಿಯಾ ಎಂಬ ಕರುಳಿನ ಪರಾವಲಂಬಿ. ಭೇದಿ ತರುವ ಇನ್ನೊಂದು ಪರಾವಲಂಬಿಯಾದ ಅಮೀಬಾದ ಹೆಸರನ್ನು ನಾವು ವೈದ್ಯರು ಪುಟ್ಟ ಮಕ್ಕಳಲ್ಲಿ ಅಗತ್ಯಕ್ಕಿಂತ ಹೆಚ್ಚು ಬಳಸಿದ್ದೇವೆಂದು ನನ್ನ ಅಭಿಪ್ರಾಯ.

ನನ್ನನ್ನು ಹೆಚ್ಚು ಕಂಗೆಡಿಸಿದ ಪ್ರಕರಣ ಬೇರೊಂದು. ಮಗು ಒಂದು ಲೀಟರ್ ಕುಡಿಯುವುದಿಲ್ಲವೆಂದು ಎಣಿಸಿದ ತಾಯಿಯೊಬ್ಬರು, ಒಂದು ಲೀಟರ್ ನೀರಿಗೆ ಕಲಸಬೇಕಾದ ಇಡೀ ಒಆರ್‌ಎಸ್ ಪೊಟ್ಟಣವನ್ನು ಒಂದೇ ಲೋಟಕ್ಕೆ ಕದಡಿ ಕುಡಿಸಿದ್ದರು. ಮೈಯಲ್ಲಿ ಉಪ್ಪಿನಂಶ ಏರಿ ಮಗು ತೀರದ ಬಾಯಾರಿಕೆಯಿಂದ ಚೀರುತ್ತಿತ್ತು. ಪೊಟ್ಟಣ ಕೊಟ್ಟು ಕಳುಹಿಸಿದವನು ನಾನೇ, ಕಲಸುವ ಬಗೆಯನ್ನು ಹೇಳಿರಲಿಲ್ಲ. ಅಂದಿನಿಂದ ಮೇಜಿನ ಮೇಲೆ ಒಂದು ಲೀಟರಿನ ಬಾಟಲಿ ಇಟ್ಟುಕೊಂಡು ಎದುರಿಗೇ ಕಲಸಿ ತೋರಿಸುತ್ತೇನೆ. 24 ಗಂಟೆಗಳಾದ ಮೇಲೆ ಉಳಿದದ್ದನ್ನು ಚೆಲ್ಲಲು ಹೇಳುತ್ತೇನೆ. ಆರು ತಿಂಗಳು ದಾಟಿದ ಮಗುವಿಗೆ ದಿನಕ್ಕೆ 20 ಮಿಲಿಗ್ರಾಂ ಸತುವಿನ (ಜಿಂಕ್) ಮಾತ್ರೆಯನ್ನು, ಭೇದಿ ನಿಂತರೂ 14 ದಿನ ಕೊಡಬೇಕು. ಮೂರನೆಯ ದಿನಕ್ಕೆ ನಿಲ್ಲಿಸುವವರೇ ಹೆಚ್ಚಾದ್ದರಿಂದ ಮಾತ್ರೆಗಳನ್ನು ಅವರಿಂದಲೇ ಎಣಿಸುತ್ತೇನೆ.

2019ರಿಂದ ಕರ್ನಾಟಕದ ಸರ್ಕಾರಿ ಲಸಿಕೆ ಕಾರ್ಯಕ್ರಮದಲ್ಲಿ ರೋಟಾವೈರಸ್ ಲಸಿಕೆಯೂ ಸೇರಿದೆ. 6, 10 ಮತ್ತು 14ನೆಯ ವಾರಗಳಲ್ಲಿ ಬಾಯಿಯ ಮೂಲಕ ಕೊಡುತ್ತಾರೆ. ಆದ್ದರಿಂದ ಲಸಿಕೆಗಳ ವಿವರವಿರುವ ತಾಯಿ ಕಾರ್ಡನ್ನೂ ನೋಡುತ್ತೇನೆ. ಜೊತೆಗೆ, ಮಗುವಿನ ಮಲವನ್ನು ಎಲ್ಲಿ ಹಾಕುತ್ತೀರಿ ಎಂದೂ ಕೇಳುತ್ತೇನೆ. ಹಸುಗೂಸಿನ ಮಲದಿಂದ ಏನೂ ಆಗದೆಂಬ ನಂಬಿಕೆಯಿಂದ ಅದನ್ನು ಹಿತ್ತಿಲಿಗೆ ಎಸೆದು, ಬರಿಯ ನೀರಿನಲ್ಲಿ ಕೈ ತೊಳೆದು, ಅದೇ ಕೈಯಿಂದ ಮುದ್ದೆ ಮುರಿಯುವ ಮನೆಗಳು ಇನ್ನೂ ಇವೆ.