ರ‍್ಯಾಚೆಟ್‌ನ ಮೂರು ಟಿಕ್, ಸಂಬಳ ಚೀಟಿಯ ನಾಲ್ಕು ಸಾಲು

ನರಸಾಪುರ, ವೇಮಗಲ್, ಮಾಲೂರು ಕಡೆಯ ಕಾರ್ಖಾನೆಗಳಿಗೆ ಸೇರುವವರಿಗೆ ಕೋಲಾರದಲ್ಲಿ ನಾನು ಕೊಡುವ ತರಬೇತಿ ಹದಿನೆಂಟು ದಿನದ್ದು. ಬರುವವರು ಹೆಚ್ಚಾಗಿ ಐಟಿಐ ಫಿಟ್ಟರ್, ಟರ್ನರ್, ಕೆಲವರು ಪಿಯುಸಿ. ಮೆಷಿನ್ ಓಡಿಸುವುದನ್ನು ಕಂಪನಿಯವರೇ ಕಲಿಸಿಕೊಳ್ಳುತ್ತಾರೆ. ಕಲಿಸದೆ ಬಿಡುವುದು ಎರಡು: ಅಳತೆ ಹಿಡಿಯುವ ಕೈ, ಮೊದಲ ತಿಂಗಳು ತಾಳಿಕೊಳ್ಳುವ ಬಗೆ. ನನ್ನ ದಿನಗಳೆಲ್ಲ ಅಲ್ಲಿಗೇ ಹೋಗುತ್ತವೆ.

ಮೊದಲ ಆರು ದಿನ ವರ್ನಿಯರ್ (ಜಾರುವ ದವಡೆಯ ಅಳತೆಪಟ್ಟಿ), ಮೈಕ್ರೋಮೀಟರ್ (ತಿರುಪು ತಿರುಗಿಸಿ ಇನ್ನೂ ಸೂಕ್ಷ್ಮವಾಗಿ ಅಳೆಯುವ ಸಾಧನ) ಬಿಟ್ಟು ಬೇರೇನೂ ಇಲ್ಲ. ವರ್ನಿಯರ್‌ನ ಜಾರುವ ಪಟ್ಟಿಯಲ್ಲಿ 49 ಮಿ.ಮೀ.ಯನ್ನು 50 ಭಾಗ ಮಾಡಿದರೆ 0.02 ಮಿ.ಮೀ.ವರೆಗೆ ಓದಬಹುದು ಎಂಬುದು ಎಲ್ಲರಿಗೂ ಬಾಯಿಪಾಠ. ಕೈಗೆ ಜಾಬ್, ಅಂದರೆ ಅಳೆಯಬೇಕಾದ ಲೋಹದ ತುಂಡು, ಕೊಟ್ಟರೆ ಮಾತ್ರ ದವಡೆಯ ತುದಿಯಲ್ಲಿ ಕಚ್ಚಿಸಿ ಹೆಬ್ಬೆರಳಲ್ಲಿ ಬಲವಾಗಿ ಒತ್ತುತ್ತಾರೆ. ಜಾರುವ ದವಡೆ ಓರೆಯಾಗಿ ಅಳತೆ ಕಡಿಮೆ ತೋರಿಸುತ್ತದೆ. ಜಾಬ್ ದವಡೆಯ ಬುಡಕ್ಕೆ ಹತ್ತಿರ ಕೂರಬೇಕು.

ಮೈಕ್ರೋಮೀಟರ್‌ನಲ್ಲಿ ಅರ್ಧ ಮಿ.ಮೀ. ಗೆರೆ ಬಿಟ್ಟುಹೋಗುವುದೇ ದೊಡ್ಡ ತಪ್ಪು. 7.78 ಇರುವುದನ್ನು 7.28 ಎಂದು ಬರೆಯುತ್ತಾರೆ. ಅದಕ್ಕೇ ಮೊದಲು ವರ್ನಿಯರ್‌ನಲ್ಲಿ ಅಂದಾಜು ನೋಡಿ, ಆಮೇಲೆ ಮೈಕ್ರೋಮೀಟರ್ ಹಿಡಿಯುವ ರೂಢಿ ಮಾಡಿಸುತ್ತೇನೆ. ಎರಡು ಮುಖಗಳ ನಡುವೆ ಬಿಳಿ ಕಾಗದ ಹಿಡಿದು ಎಳೆದರೆ ಎಣ್ಣೆ, ಚೂರು ಹೋಗುತ್ತದೆ. ಆಮೇಲೆ ಮುಖಗಳನ್ನು ಸೇರಿಸಿ ಸೊನ್ನೆ ತೋರಿಸುತ್ತದೆಯೇ ನೋಡಬೇಕು. ಕೊನೆಗೆ ಬಿಗಿಯುವುದು ತುದಿಯಲ್ಲಿರುವ, ಒತ್ತಡ ಹೆಚ್ಚದಂತೆ ಟಿಕ್ ಎಂದು ಜಾರುವ ರ‍್ಯಾಚೆಟ್‌ನಿಂದ, ಮೂರು ಟಿಕ್, ಸಾಕು.

ಪರೀಕ್ಷೆ ಹೀಗೆ: ಹತ್ತು ಜಾಬ್‌ಗಳಿಗೆ ನಂಬರ್ ಹಾಕಿ, ಮೂವರು ತಲಾ ಮೂರು ಸಲ ಅಳೆಯಬೇಕು. ಪ್ರತಿ ಸಲ ಜಾಬ್‌ಗಳ ಸಾಲು ಕಲೆಸುತ್ತೇನೆ, ಹಿಂದಿನ ಚೀಟಿ ಕಿತ್ತುಕೊಳ್ಳುತ್ತೇನೆ. ಇಲ್ಲದಿದ್ದರೆ ಅಳೆಯುವುದು ಬಿಟ್ಟು ನೆನಪಿಂದ ಬರೆಯುತ್ತಾರೆ. ಒಬ್ಬರದೇ ಮೂರು ಓದುಗಳಲ್ಲಿ 0.02ಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ಕೈ ಸರಿಯಿಲ್ಲ. ಒಬ್ಬೊಬ್ಬರದು ಸರಿಯಿದ್ದು ಮೂವರಿಗೂ ಬೇರೆ ಬೇರೆ ಬಂದರೆ ಹಿಡಿಯುವ ರೀತಿ ಬೇರೆ.

ಲೇತಿನಿಂದ ಈಗಷ್ಟೇ ಬಿಚ್ಚಿದ ಜಾಬ್ ಅಳೆಯುವ ಆತುರವೂ ಬಿಡಬೇಕು. 50 ಮಿ.ಮೀ. ವ್ಯಾಸದ ಉಕ್ಕು 20 ಡಿಗ್ರಿ ಹೆಚ್ಚು ಬಿಸಿಯಿದ್ದರೆ ಸುಮಾರು 0.011 ಮಿ.ಮೀ. ಹಿಗ್ಗಿರುತ್ತದೆ. ಬಿಸಿಯಲ್ಲಿ ಸರಿ ಕಂಡದ್ದು ತಣ್ಣಗಾದ ಮೇಲೆ ಸಣ್ಣದಾಗಿ ರಿಜೆಕ್ಟ್. ಬೈಗುಳ ತಿನ್ನುವವನು ಆಪರೇಟರ್.

ಎರಡನೇ ವಾರದಿಂದ ಕುರ್ಚಿ ತೆಗೆದುಬಿಡುತ್ತೇನೆ. ಪಾಳಿಯೆಲ್ಲ ನಿಂತೇ ಇರಬೇಕಾಗುವುದರಿಂದ ಸೇಫ್ಟಿ ಶೂ ಕೆಲಸಕ್ಕೆ ಹದಿನೈದು ದಿನ ಮೊದಲೇ ಬರಲಿ, ಸಂಜೆ ಹೊತ್ತು ಕಾಲು ಊದಿರುವಾಗ ಅಳತೆ ನೋಡಿ ಕೊಳ್ಳಲಿ. ಹಿಮ್ಮಡಿ ಬೊಬ್ಬೆಯಿಂದ ಕೆಲಸ ಬಿಟ್ಟವರು, ನಾನು ಕಂಡಂತೆ, ಕೆಲಸ ಬರದೆ ಬಿಟ್ಟವರಿಗಿಂತ ಹೆಚ್ಚು.

ಇನ್ನು ಸಂಬಳ. ‘ಇಪ್ಪತ್ತು ಸಾವಿರ’ ಎಂದು ಕೇಳಿ ಸೇರುತ್ತಾರೆ, ಕೈಗೆ ಹದಿನಾರು ಚಿಲ್ಲರೆ ಬಂದಾಗ ಮೋಸ ಅನ್ನುತ್ತಾರೆ. ಬೋರ್ಡಿನ ಮೇಲೆ ನಾಲ್ಕೇ ಸಾಲು ಬರೆಯುತ್ತೇನೆ. ಒಟ್ಟು ಸಂಬಳ 18,000, ಅದರಲ್ಲಿ ಮೂಲ ವೇತನ 12,000 ಎಂದಿಟ್ಟುಕೊಳ್ಳಿ. ಪಿಎಫ್ ಶೇ. 12, ಅಂದರೆ 1,440. ಇಎಸ್‌ಐ (ನೌಕರರ ಆರೋಗ್ಯ ವಿಮೆ) 18,000ದ ಮೇಲೆ ಶೇ. 0.75, ಅಂದರೆ 135. ಕೈಗೆ 16,425. ಕಂಪನಿ ತನ್ನ ಪಾಲಿನ ಪಿಎಫ್ 1,440, ಇಎಸ್‌ಐ 585 ಸೇರಿಸಿ ಹೇಳಿದ್ದೇ ಆ ಇಪ್ಪತ್ತು ಸಾವಿರ. ಕ್ಯಾಂಟೀನು, ಬಸ್ಸಿಗೆ ಹಿಡಿಯುತ್ತಾರೋ ಇಲ್ಲವೋ ಸೇರುವ ದಿನವೇ ಕೇಳಬೇಕು. ಕೇಳಲು ನಾಚಿಕೆ ಏಕೆ?

ದಾಖಲೆಯದು ಸಣ್ಣ ವಿಷಯ, ಆದರೆ ಸಂಬಳ ನಿಲ್ಲುವುದು ಅಲ್ಲೇ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಇನಿಶಿಯಲ್ ಮುಂದೆ, ಆಧಾರ್‌ನಲ್ಲಿ ಅಪ್ಪನ ಪೂರ್ತಿ ಹೆಸರು ಹಿಂದೆ. ಹೀಗಿದ್ದರೆ ಯುಎಎನ್ (ಪಿಎಫ್ ಸದಸ್ಯನ ನಂಬರ್) ಆಗದೆ ತಡೆಯುತ್ತದೆ. ಮೊದಲ ದಿನವೇ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುತ್ತೇನೆ.

ರಾಗಿ ಕೊಯ್ಲಿನ ಕಾಲಕ್ಕೆ ಹೇಳದೆ ಕೇಳದೆ ಊರಿಗೆ ಹೋಗುವುದು ಇನ್ನೊಂದು. ಹತ್ತು ದಿನ ಮೊದಲೇ ಸೂಪರ್‌ವೈಸರ್‌ಗೆ ಬರೆದುಕೊಟ್ಟರೆ ಎರಡು ದಿನದ ರಜೆ ಸಾಮಾನ್ಯವಾಗಿ ಸಿಗುತ್ತದೆ. ಆ ರಜೆ ಅರ್ಜಿಯನ್ನು ಹದಿನೆಂಟನೇ ದಿನ ತರಗತಿಯಲ್ಲೇ ಬರೆಸುತ್ತೇನೆ, ತಾರೀಖು ಮಾತ್ರ ಖಾಲಿ.