ಡಾಕ್ಯುಮೆಂಟೇಶನ್ ಬಿಲ್ಡ್ ಒಮ್ಮೆ ಪಾಸ್, ಒಮ್ಮೆ ಫೇಲ್ ಆಗುತ್ತಿದೆಯೇ? ಹೀಗೆ ಹುಡುಕಿ

ಹುಬ್ಬಳ್ಳಿಯ ಗೋಕುಲ ರಸ್ತೆಯ ನಮ್ಮ ಆಫೀಸಿನಲ್ಲಿ ಇರೋದು ನಾಲ್ಕೇ ಜನ. ಕೋಡ್ ಬದಲಾದಾಗಲೆಲ್ಲ ಅದರ ಕೈಪಿಡಿಯ ಪುಟಗಳನ್ನು ಸ್ಫಿಂಕ್ಸ್ ಎಂಬ ಸಾಫ್ಟ್‌ವೇರ್ ತಾನಾಗಿಯೇ ತಯಾರಿಸುತ್ತದೆ. ಹೀಗೆ ತಯಾರಿಸುವುದೇ ಬಿಲ್ಡ್. ಕೆಲವು ದಿನ ಬೆಳಿಗ್ಗೆ ಬಿಲ್ಡ್ ಫೇಲ್. ಒಂದಕ್ಷರವನ್ನೂ ಮುಟ್ಟದೆ, ಚಹಾ ಕುಡಿದು ಬಂದು ಮತ್ತೆ ಓಡಿಸಿದರೆ ಪಾಸ್! ಮೂರು ವಾರ ಸುಮ್ನೆ ರೀ-ರನ್ ಒತ್ತುತ್ತಲೇ ಕಳೆದೆವು. ನೀವು ಹಾಗೆ ಮಾಡಬೇಡಿ.

ಮೊದಲು, ಫೇಲ್ ಆದ ಬಿಲ್ಡಿನ ಲಾಗನ್ನು, ಅಂದರೆ ಅದು ಓಡುವಾಗ ಬರೆದಿಟ್ಟ ದಾಖಲೆಯನ್ನು, ಇಳಿಸಿಕೊಳ್ಳಿ. ಪಾಸ್ ಆದ ಲಾಗನ್ನೂ ಪಕ್ಕಕ್ಕಿಟ್ಟು ಡಿಫ್ ಹಾಕಿ, ಎರಡರ ವ್ಯತ್ಯಾಸ ನೋಡಿ. ಕೊನೆಯ ಕೆಂಪು ಸಾಲಷ್ಟೇ ಓದಿದರೆ ಸಾಲದು. ನಮ್ಮ ಕಾರಣ ಲಾಗಿನ ಮೇಲ್ಭಾಗದಲ್ಲೇ ಕೂತಿತ್ತು: ‘ಫೇಲ್ಡ್ ಟು ರೀಚ್ ಎನಿ ಆಫ್ ದಿ ಇನ್ವೆಂಟರೀಸ್’.

ಏನಿದು? ನಿಮ್ಮ ಪುಟದಿಂದ ಪೈಥಾನ್ ಕೈಪಿಡಿಗೆ ಕೊಂಡಿ ಹಾಕಬೇಕೆಂದರೆ, ಸ್ಫಿಂಕ್ಸ್‌ನ ಇಂಟರ್‌ಸ್ಫಿಂಕ್ಸ್ ಎಂಬ ಎಕ್ಸ್‌ಟೆನ್ಶನ್ (ಹೆಚ್ಚುವರಿ ಭಾಗ) ಆ ಕೈಪಿಡಿಯ ಸೈಟಿನಿಂದ ‘ಆಬ್ಜೆಕ್ಟ್ಸ್ ಡಾಟ್ ಐಎನ್‌ವಿ’ ಎಂಬ ಸಣ್ಣ ಫೈಲನ್ನು, ಅಂದರೆ ಕೊಂಡಿಗಳ ಪಟ್ಟಿಯನ್ನು (ಇನ್ವೆಂಟರಿ), ತರಬೇಕು. ಆ ಕ್ಷಣಕ್ಕೆ ಸೈಟ್ ಸಿಗದಿದ್ದರೆ ಬರುವುದು ಬರೀ ಎಚ್ಚರಿಕೆ. ಆದರೆ ನಾವು ಬಿಲ್ಡ್ ಆಜ್ಞೆಗೆ ‘ಮೈನಸ್ ಕ್ಯಾಪಿಟಲ್ ಡಬ್ಲ್ಯೂ’ ಆಯ್ಕೆ ಹಾಕಿದ್ದೆವು. ಅದು ಪ್ರತಿ ಎಚ್ಚರಿಕೆಯನ್ನೂ ತಪ್ಪೆಂದೇ ಎಣಿಸುತ್ತದೆ. ತಪ್ಪು ನಮ್ಮ ಬರಹದಲ್ಲಿ ಇರಲೇ ಇಲ್ಲ, ಅಲ್ವಾ?

ಹಾಗಂತ ಆ ಆಯ್ಕೆಯನ್ನು ತೆಗೆಯಬೇಡಿ. ತೆಗೆದರೆ ನಿಮ್ಮದೇ ಪುಟಗಳ ಮುರಿದ ಕೊಂಡಿಗಳೂ ಸದ್ದಿಲ್ಲದೆ ಒಳಗೆ ಸೇರುತ್ತವೆ. ಬದಲಿಗೆ ಆ ಫೈಲಿನ ಒಂದು ಪ್ರತಿಯನ್ನು ನಿಮ್ಮ ಕೋಡ್ ಇರುವ ರೆಪೊದಲ್ಲೇ ಇಡಿ. ಸೈಟ್ ಸಿಗದಾಗ ಅದನ್ನೇ ಓದು ಎಂದು ಸ್ಫಿಂಕ್ಸ್‌ನ ಸೆಟ್ಟಿಂಗ್ ಫೈಲ್ ‘ಕಾನ್ಫ್ ಡಾಟ್ ಪಿವೈ’ಯ ಇಂಟರ್‌ಸ್ಫಿಂಕ್ಸ್ ಮ್ಯಾಪಿಂಗ್‌ನಲ್ಲಿ ಬರೆಯಬಹುದು. ನಮಗೆ ಗುಣ ಕೊಟ್ಟಿದ್ದು ಇದೇ. ಹೊರಗಿನ ಕೊಂಡಿಗಳನ್ನು ಪರೀಕ್ಷಿಸುವ ಲಿಂಕ್‌ಚೆಕ್ ಕೂಡ ಪದೇ ಪದೇ ಹೀಗೆ ಕಾಡುತ್ತದೆ. ಅದನ್ನು ಬೇರೆ ಜಾಬ್ ಮಾಡಿ, ರಾತ್ರಿ ಹೊತ್ತು ಓಡಿಸಿ.

ನೆಟ್‌ವರ್ಕ್ ಸುಳಿವೇ ಇಲ್ಲವೇ? ಎರಡೂ ಲಾಗ್‌ಗಳಲ್ಲಿ ಪಿಪ್ (ಪೈಥಾನ್ ಪ್ಯಾಕೇಜುಗಳನ್ನು ತರುವ ಸಾಧನ) ಇನ್‌ಸ್ಟಾಲ್ ಮಾಡಿದ ಆವೃತ್ತಿಗಳನ್ನು ಹೋಲಿಸಿ. ಸ್ಫಿಂಕ್ಸ್ ಆಗಲಿ, ಥೀಮ್ ಆಗಲಿ, ರಾತ್ರೋರಾತ್ರಿ ಹೊಸದು ಬಂದಿರಬಹುದು. ರಿಕ್ವೈರ್‌ಮೆಂಟ್ಸ್ ಫೈಲಿನಲ್ಲಿ ಎರಡು ಸಮ ಚಿಹ್ನೆ ಹಾಕಿ ಆವೃತ್ತಿಯನ್ನು ಕಟ್ಟಿಹಾಕಿ.

ಆವೃತ್ತಿಗಳೂ ಒಂದೇ ಇದ್ದರೆ ಹಳೆಯ ಕ್ಯಾಶ್ ಮೇಲೆ, ಅಂದರೆ ಹಿಂದಿನ ಬಿಲ್ಡ್ ಉಳಿಸಿಟ್ಟದ್ದರ ಮೇಲೆ, ಅನುಮಾನ ಪಡಿ. ‘ಮೈನಸ್ ಕ್ಯಾಪಿಟಲ್ ಇ’ ಕೊಟ್ಟರೆ ಸ್ಫಿಂಕ್ಸ್ ಉಳಿಸಿಟ್ಟದ್ದನ್ನು ಬಿಟ್ಟು ಎಲ್ಲವನ್ನೂ ಹೊಸದಾಗಿ ಓದುತ್ತದೆ. ಆಮೇಲೂ ಹಾಗೇ ಆದರೆ ‘ಮೈನಸ್ ಜೆ’ಗೆ 1 ಕೊಡಿ. ಆಗ ಕೆಲಸಗಳು ಒಟ್ಟಿಗೆ ಓಡದೆ ಒಂದಾದ ಮೇಲೊಂದು ನಡೆಯುತ್ತವೆ. ಒಂದು ಸಲ ಪಾಸ್ ಆಯಿತೆಂದು ನಂಬಬೇಡಿ, ಇಪ್ಪತ್ತು ಸಲ ಓಡಿಸಿ. ಅಷ್ಟೂ ಸಲ ಪಾಸಾಗಿ, ‘ಜೆ’ ಏರಿಸಿದೊಡನೆ ಮತ್ತೆ ಫೇಲ್ ಆದರೆ ಎಕ್ಸ್‌ಟೆನ್ಶನ್‌ಗಳನ್ನು ಒಂದೊಂದಾಗಿ ತೆಗೆದು ನೋಡಿ. ನೀವೇ ಬರೆದುಕೊಂಡದ್ದು ಇದ್ದರೆ ಅಲ್ಲಿಂದಲೇ ಶುರು ಮಾಡಿ.