ಹಳೇ ಸೂಪರ್‌ಹೀರೋ ಸಿನಿಮಾ ಮತ್ತೆ ನೋಡಿ ತೂಗುವ ಕ್ರಮ: ತುಮಕೂರಿನ ಮನೆ ಹಾಲ್‌ಗೆ ಆಗುವಷ್ಟು

2014ರ ಆಗಸ್ಟ್‌ನಲ್ಲಿ ಬಂದ ‘ಗಾರ್ಡಿಯನ್ಸ್ ಆಫ್ ದ ಗ್ಯಾಲಕ್ಸಿ’ ಬಗ್ಗೆ ಈಗ ಕೇಳಿದರೆ ಎರಡೇ ಮಾತು ಬರುತ್ತವೆ: ‘ಅಷ್ಟೇನಿಲ್ಲ ಬಿಡಿ’, ಇಲ್ಲವೇ ‘ಈಗಿನವು ಯಾವೂ ಅದರ ಮುಂದೆ ನಿಲ್ಲಲ್ಲ’. ಹೆಚ್ಚಿನ ಸಲ ಎರಡೂ ನೆನಪಿನ ಮೇಲೆ ಕೊಟ್ಟ ತೀರ್ಪು. 2017 ಮತ್ತು 2023ರ ಮುಂದಿನ ಭಾಗಗಳು, ನಡುವೆ ಬಂದ ಅವೆಂಜರ್ಸ್ ಸಿನಿಮಾಗಳು, ಮೊಬೈಲ್‌ನಲ್ಲಿ ಓಡಾಡಿದ ತುಣುಕುಗಳು ಎಲ್ಲ ತಲೆಯಲ್ಲಿ ಕಲಸುಮೇಲೋಗರ ಆಗಿರುತ್ತವೆ. ಅದನ್ನು ಬಿಡಿಸಿ, ಆ 121 ನಿಮಿಷದಲ್ಲಿ ಪರದೆ ಮೇಲೆ ಇರುವುದನ್ನಷ್ಟೇ ತೂಗಬೇಕು. ನಾಲ್ಕೈದು ಗೆಳೆಯರು, ಒಂದು ಹಾಲ್, ಒಂದು ವಾರದ ಅಂತರದಲ್ಲಿ ಎರಡು ಸಂಜೆ ಸಾಕು. ಮನೆಯೊಳಗೇ ನೋಡಿ, ಬೀದಿಯಲ್ಲೋ ಕಾಲೇಜಿನಲ್ಲೋ ಹತ್ತಾರು ಜನರನ್ನು ಕೂರಿಸಿ ತೋರಿಸಲು ಹಕ್ಕುದಾರರ ಅನುಮತಿ ಬೇಕಾಗುತ್ತದೆ.

ಮೊದಲು ಚಿತ್ರ ಸರಿಯಾಗಿ ಕಾಣಬೇಕು. ಈ ಸಿನಿಮಾದ ಅರ್ಧ ಬಲ ಅದರ ಬಣ್ಣದಲ್ಲಿದೆ. ಟಿವಿಯಲ್ಲಾದರೆ ‘ವಿವಿಡ್’ ಬಿಟ್ಟು ‘ಸಿನಿಮಾ’ ಅಥವಾ ‘ಫಿಲ್ಮ್‌ಮೇಕರ್’ ಮೋಡ್‌ಗೆ ಬನ್ನಿ, ಫ್ರೇಮುಗಳ ನಡುವೆ ಹೊಸ ಫ್ರೇಮು ತುರುಕುವ ‘ಮೋಷನ್ ಸ್ಮೂದಿಂಗ್’ ಆಫ್ ಮಾಡಿ. ಅದು ಆನ್ ಇದ್ದರೆ ಸೆಕೆಂಡಿಗೆ 24 ಫ್ರೇಮಿನ ಸಿನಿಮಾ ಧಾರಾವಾಹಿಯ ಹಾಗೆ ಜಾರುತ್ತದೆ, ಚೆನ್ನಾಗಿರುವ ಗ್ರಾಫಿಕ್ಸೂ ಅಗ್ಗವಾಗಿ ಕಾಣುತ್ತದೆ. ‘ಗ್ರಾಫಿಕ್ಸ್ ಹಳೇದಾಯ್ತು’ ಅನ್ನುವ ದೂರು ಎಷ್ಟೋ ಸಲ ಹುಟ್ಟುವುದು ಈ ಸೆಟ್ಟಿಂಗ್‌ನಿಂದ.

ಪ್ರೊಜೆಕ್ಟರ್ ಆದರೆ ಗೋಡೆಯ ಮೇಲೆ 8 ಅಡಿ ಅಗಲ ಸಾಕು. ಥ್ರೋ ಅನುಪಾತ (ಗೋಡೆಯ ದೂರವನ್ನು ಚಿತ್ರದ ಅಗಲದಿಂದ ಭಾಗಿಸಿದ್ದು) 1.5 ಇದ್ದರೆ ಗೋಡೆಯಿಂದ 12 ಅಡಿ ದೂರದಲ್ಲಿಡಿ. ಸಿನಿಮಾ 2.39:1 ಅನುಪಾತದ್ದು, ಹಾಗಾಗಿ 8 ಅಡಿ ಅಗಲಕ್ಕೆ ಚಿತ್ರದ ಎತ್ತರ ಮೂರೂಕಾಲು ಅಡಿಗಿಂತ ತುಸು ಹೆಚ್ಚು, ಮೇಲೆ ಕೆಳಗೆ ಸುಮಾರು 7 ಇಂಚಿನ ಕಪ್ಪು ಪಟ್ಟಿ. ಅದನ್ನು ತುಂಬಿಸಲು ಜೂಮ್ ಮಾಡಬೇಡಿ: ಐದು ಜನ ಸಾಲಾಗಿ ನಿಂತ ಶಾಟ್‌ನಲ್ಲಿ ಅಂಚಿನವರು ಕತ್ತರಿಸಿ ಹೋಗುತ್ತಾರೆ. ಡಬ್ಬದ ಮೇಲಿನ ‘9000 ಲೂಮೆನ್ಸ್’ ನಂಬದೆ ಆನ್ಸಿ ಲೂಮೆನ್ಸ್ (ನಿಗದಿತ ಕ್ರಮದಲ್ಲಿ ಅಳೆದ ಬೆಳಕು) ಎಷ್ಟು ಅಂತ ನೋಡಿ. ಪೂರ್ತಿ ಕತ್ತಲಾದ ಕೋಣೆಗೆ 600 ಆನ್ಸಿ ಸಾಕು. ಬೇಸಿಗೆಯಲ್ಲಿ ತುಮಕೂರಿನಲ್ಲಿ ಏಳು ಗಂಟೆಯಾದರೂ ಕಿಟಕಿಯಲ್ಲಿ ಬೆಳಕಿರುತ್ತದೆ, ಏಳೂವರೆಗೆ ಶುರು ಮಾಡಿ. ಲ್ಯಾಂಪಿನ ಪ್ರೊಜೆಕ್ಟರ್ ಇದ್ದರೆ ಇನ್ವರ್ಟರ್ ಲೈನಿಗೆ ಕೊಡಿ. ಕರೆಂಟ್ ದಿಢೀರ್ ಹೋದರೆ ಫ್ಯಾನ್ ನಿಂತು ಲ್ಯಾಂಪ್ ಒಳಗೇ ಬೇಯುತ್ತದೆ, ಆರುವವರೆಗೆ ಮತ್ತೆ ಹತ್ತುವುದಿಲ್ಲ.

ಕ್ಯಾತ್ಸಂದ್ರದ ತಟ್ಟೆ ಇಡ್ಲಿ ತರಿಸುವುದಾದರೆ ಸಿನಿಮಾ ಮುಗಿದ ಮೇಲೆ. ನಡುವೆ ತಿಂದರೆ ‘ನೋವೇರ್’ ಅನ್ನುವ ಅಂತರಿಕ್ಷದ ಊರಿನ ದೃಶ್ಯಗಳಿಗೆ ಕಣ್ಣೆಳೆಯುತ್ತದೆ, ತೀರ್ಪಿಗೆ ಆಧಾರವೇ ಆ ದೃಶ್ಯಗಳು.

ಮೊದಲ ಸಂಜೆ ಪೆನ್ನು ಬೇಡ, ನಡುವೆ ನಿಲ್ಲಿಸುವುದೂ ಬೇಡ. ಎಲ್ಲಿ ನಕ್ಕಿರಿ, ಎಲ್ಲಿ ಕೈ ಮೊಬೈಲಿನ ಕಡೆ ಹೋಯಿತು, ಅಷ್ಟು ನೆನಪಿಟ್ಟುಕೊಂಡರೆ ಆಯಿತು. ಸಬ್‌ಟೈಟಲ್ ಹಾಕಿಕೊಳ್ಳಿ, ಮಾತಿನ ವರಸೆ ಬಹಳ ಚುರುಕು. ಪಾವಗಡ ಕಡೆಯ ಗೆಳೆಯರು ತೆಲುಗು ಡಬ್ಬಿಂಗ್ ಕೇಳಿದರೂ ಈ ಸಲಕ್ಕೆ ಮೂಲ ಧ್ವನಿಯೇ ಇರಲಿ, ಏಕೆಂದರೆ ಐವರ ತಂಡದಲ್ಲಿ ಒಬ್ಬನಾದ ಡ್ರ್ಯಾಕ್ಸ್‌ನ ಹಾಸ್ಯ ನಿಂತಿರುವುದು ಪದದ ಮೇಲೆ. ಅವನಿಗೆ ಅಲಂಕಾರದ ಮಾತು ತಿಳಿಯದು. ನಾವು ‘ತಲೆ ಮೇಲೆ ಹೋಯ್ತು’ ಅಂದರೆ ‘ಹೇಗೆ ಹೋಗುತ್ತೆ, ನಾನು ಹಿಡಿದುಬಿಡ್ತೀನಿ’ ಅನ್ನುವ ಜಾತಿಯವನು.

ಎರಡನೇ ಸಂಜೆ ನೋಟ್‌ಬುಕ್ ತೆಗೆದು ಮೂರು ಎಳೆ ಹಿಡಿಯಿರಿ.

ಒಂದು, ಕೈ. ಆರಂಭದಲ್ಲಿ, 1988ರಲ್ಲಿ, ಆಸ್ಪತ್ರೆಯ ಹಾಸಿಗೆಯಲ್ಲಿ ಸಾಯುತ್ತಿರುವ ತಾಯಿ ಕೈ ಚಾಚುತ್ತಾಳೆ. ಹುಡುಗ ಪೀಟರ್, ಅಂದರೆ ಮುಂದೆ ನಾಯಕನಾಗುವವನು, ಮುಖ ತಿರುಗಿಸುತ್ತಾನೆ, ಹಿಡಿಯುವುದರೊಳಗೆ ಆಕೆ ಹೋಗಿರುತ್ತಾಳೆ. ಕೊನೆಯಲ್ಲಿ, ಕಥೆಯಲ್ಲಿ ಎಲ್ಲರೂ ಬೆನ್ನು ಹತ್ತಿದ ಶಕ್ತಿಯ ಕಲ್ಲು ಅವನನ್ನು ಸೀಳುವಾಗ ತಂಡದ ಗಮೋರಾ ಕೈ ಚಾಚುತ್ತಾಳೆ, ಅವನಿಗೆ ತಾಯಿ ಕಾಣುತ್ತಾಳೆ, ಈ ಸಲ ಹಿಡಿಯುತ್ತಾನೆ. ನಡುವಿನ ಎರಡು ಗಂಟೆ ಈ ಎರಡು ಕೈಗಳ ನಡುವಿನ ದಾರಿ. ಯಾರು ಯಾರನ್ನು ಮುಟ್ಟುತ್ತಾರೆ, ಯಾರು ಕೈ ಹಿಂದೆಗೆಯುತ್ತಾರೆ ಅಂತ ಗುರುತು ಹಾಕುತ್ತಾ ಹೋಗಿ. ಮರದ ಮೈಯ ಗ್ರೂಟ್ ತನ್ನ ಕೊಂಬೆರೆಂಬೆಗಳನ್ನೇ ಗೂಡು ಮಾಡಿ ಎಲ್ಲರನ್ನೂ ಸುತ್ತಿಕೊಳ್ಳುವುದೂ ಇದೇ ಸಾಲಿಗೆ ಸೇರುತ್ತದೆ. ಇಷ್ಟು ಗಟ್ಟಿಯಾದ ಹೆಣಿಗೆ ಈ ಜಾತಿಯ ಸಿನಿಮಾಗಳಲ್ಲಿ ಅಪರೂಪ, ಮೊದಲ ಸಲ ನೋಡಿದಾಗ ಹಾಡಿನ ಗದ್ದಲದಲ್ಲಿ ತಪ್ಪಿಹೋಗಿರುತ್ತದೆ.

ಎರಡು, ರಾಕೆಟ್ ಅನ್ನುವ ರಕೂನ್ ರೂಪದ ಪಾತ್ರ. ಜೈಲಿನಲ್ಲಿ ಅವನ ಬೆನ್ನ ಮೇಲಿನ ಲೋಹದ ತುಂಡುಗಳು ಒಂದು ಕ್ಷಣ ಕಾಣುತ್ತವೆ, ಯಾರೂ ಏನೂ ಹೇಳುವುದಿಲ್ಲ. ನೋವೇರ್‌ನಲ್ಲಿ ಕುಡಿದ ಮೇಲೆ, ಹೀಗೆ ಮಾಡಿ ಅಂತ ನಾನು ಯಾರನ್ನೂ ಕೇಳಿರಲಿಲ್ಲ ಅಂತ ಅರಚುತ್ತಾನೆ. ಇಲ್ಲೇ ಜನ ಎಡವುವುದು: 2023ರ ಭಾಗದಲ್ಲಿ ಅವನ ಪೂರ್ವಕಥೆ ನೋಡಿದವರು ಆ ಅಳುವನ್ನೆಲ್ಲ ತಂದು ಈ ದೃಶ್ಯಕ್ಕೆ ಸುರಿಯುತ್ತಾರೆ. ಬೆನ್ನಿನ ಆ ಒಂದು ಶಾಟ್, ಈ ಒಂದು ಅರಚಾಟ, ಇವೆರಡರಿಂದಲೇ ಅವನ ನೋವು ನಿಮಗೆ ತಲುಪಿತೇ? ತಲುಪುತ್ತದೆ ಅನ್ನುವುದು ನಮ್ಮ ಎಣಿಕೆ. ಆದರೆ ಅಂಕ ಕೊಡುವುದು ಇವೆರಡಕ್ಕೇ.

ಮೂರು, ಹಾಡು. ಮೊರಾಗ್ ಗ್ರಹದ ಪಾಳಿನಲ್ಲಿ ಪೀಟರ್ ವಾಕ್‌ಮನ್ ಹಾಕಿಕೊಂಡು ಕುಣಿಯುವ ದೃಶ್ಯವನ್ನು ಒಮ್ಮೆ ಮ್ಯೂಟ್ ಮಾಡಿ ನೋಡಿ, ಆಮೇಲೆ ಕಣ್ಣು ಮುಚ್ಚಿ ಬರೀ ಕೇಳಿ. ಮ್ಯೂಟ್‌ನಲ್ಲಿ ಮಜಾ ಇಳಿದು ಒಂಟಿತನ ಎದ್ದು ಕಾಣುತ್ತದೆ. ಅಂದರೆ ಹಾಡು ಅಲ್ಲಿ ಕೆಲಸ ಮಾಡುತ್ತಿದೆ. ಬೇರೆ ಹಾಡಿನ ದೃಶ್ಯಗಳಿಗೂ ಇದೇ ಪರೀಕ್ಷೆ ಮಾಡಿ. ಮ್ಯೂಟ್ ಮಾಡಿದರೂ ಏನೂ ಬದಲಾಗದಿದ್ದರೆ ಹಾಡು ಬರೀ ಒಗ್ಗರಣೆ. ಟೈಲರ್ ಬೇಟ್ಸ್‌ರ ಹಿನ್ನೆಲೆ ಸಂಗೀತದ ಒಂದಷ್ಟು ಭಾಗವನ್ನು ಮೊದಲೇ ಮಾಡಿಸಿ, ನಿರ್ದೇಶಕ ಜೇಮ್ಸ್ ಗನ್ ಚಿತ್ರೀಕರಣದ ಹೊತ್ತಲ್ಲಿ ಸೆಟ್ಟಿನಲ್ಲೇ ಹಾಕಿಸಿದ್ದರು. ನಟರ ನಡಿಗೆ ತಾಳಕ್ಕೆ ಕೂಡಿದೆಯೇ ಅಂತ ಗಮನಿಸಿ.

ಇನ್ನು ಕಳೆಯುವ ಲೆಕ್ಕ. ರೋನನ್ ಸಪ್ಪೆ ಖಳ: ಅವನ ಸಿಟ್ಟಿಗೆ ಕಾರಣ ಮಾತಿನಲ್ಲಿ ಬರುತ್ತದೆ, ಕಣ್ಣಿಗೆ ಕಾಣುವುದಿಲ್ಲ. ‘ಕಲೆಕ್ಟರ್’ ಅನ್ನುವ ವಿಚಿತ್ರ ವಸ್ತುಗಳ ಸಂಗ್ರಹಕಾರ ಶಕ್ತಿಯ ಕಲ್ಲುಗಳ ಕಥೆ ಹೇಳುವ ಭಾಗ ಪಾಠದ ಹಾಗಿದೆ, ಮುಂದಿನ ಸಿನಿಮಾಗಳಿಗೆ ಹಾಕಿದ ಅಡಿಪಾಯ. ಕೊನೆಕೊನೆಗೆ ಡ್ರ್ಯಾಕ್ಸ್ ಗಮೋರಾಳಿಗೆ ಬಳಸುವ ಬೈಗುಳವಂತೂ ಇಂದು ಕಿವಿಗೆ ಚುಚ್ಚುತ್ತದೆ. ಅದಕ್ಕಿಂತ ದೊಡ್ಡ ತಪ್ಪು, ಪದದ ನೇರ ಅರ್ಥ ಬಿಟ್ಟು ಬೇರೇನೂ ತಿಳಿಯದವನ ಬಾಯಿಗೆ ಅದು ಹೊಂದುವುದೇ ಇಲ್ಲ. ನಗೆಗಾಗಿ ಪಾತ್ರವನ್ನೇ ಮುರಿದಿದ್ದಾರೆ.

ಕುಂಡದಲ್ಲಿ ಪುಟ್ಟ ಗ್ರೂಟ್ ಕುಣಿದು ಮುಗಿದ ಮೇಲೆ ಯಾರೂ ಮಾತಾಡಬೇಡಿ. ದೀಪ ಹಾಕಿ, ಒಬ್ಬೊಬ್ಬರೂ ಹತ್ತು ಸಾಲು ಬರೆಯಿರಿ: ನಿಂತ ದೃಶ್ಯ ಮೂರು, ಬಿದ್ದ ದೃಶ್ಯ ಮೂರು, ಪ್ರತಿಯೊಂದಕ್ಕೂ ಪರದೆ ಮೇಲಿನ ಒಂದು ಸಾಕ್ಷಿ. ಸಾಕ್ಷಿ ಸಿಗದ ಸಾಲು ಹೊಡೆದುಹಾಕಿ. ಆಮೇಲೆ ಹಾಳೆ ಅದಲುಬದಲು ಮಾಡಿಕೊಂಡು ಓದಿ, ಇಡ್ಲಿ ಪೊಟ್ಟಣ ಬಿಚ್ಚಿ, ಜಗಳ ಶುರು ಮಾಡಿ.